ಮಲೆನಾಡಿನಲ್ಲಿ ನಡೆಯುವ ಕಥೆಯಲ್ಲಿ ಪತ್ತೇದಾರ ರಕ್ತಪಿಶಾಚಿ ಅನ್ನೋದು ಜೊತೆಗಾರನಿಗೆ ಗೊತ್ತಾಗದ ಹಾಗೆ ಬರೆಯುವುದು ಹೇಗೆ?

ಮೊದಲು ಬಿಸಿಲಿನ ಚಿಂತೆ ಬಿಡಿ. 1897ರ 'ಡ್ರಾಕುಲಾ' ಕಾದಂಬರಿಯಲ್ಲಿ ಅವನು ಹಗಲಲ್ಲೂ ಓಡಾಡುತ್ತಾನೆ, ಶಕ್ತಿ ಕಮ್ಮಿ ಅಷ್ಟೇ. ಬಿಸಿಲಿಗೆ ಸಾಯುವ ಕಲ್ಪನೆ ಗಟ್ಟಿಯಾಗಿದ್ದು 1922ರ ಮೂಕಿ ಸಿನಿಮಾ 'ನೋಸ್ಫೆರಾಟು'ವಿನಿಂದ. ಅಷ್ಟಕ್ಕೂ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಜುಲೈನಲ್ಲಿ ಸೂರ್ಯನನ್ನೇ ಹುಡುಕಬೇಕು. ಕಂಬಳಿ ಕೊಪ್ಪೆ ಹಾಕಿಕೊಂಡು ಹೊರಟರೆ ಮುಖ ಯಾರಿಗೆ ಕಾಣುತ್ತೆ?

ರಕ್ತಪಿಶಾಚಿಗೆ ಬೆಳ್ಳುಳ್ಳಿ ಆಗಲ್ಲ ಅಂತಾರೆ. ಆದರೆ ಬೆಳ್ಳುಳ್ಳಿ ತಿನ್ನದವರು ನಮ್ಮಲ್ಲಿ ಎಷ್ಟೋ ಜನ. ಅದರಿಂದ ಅನುಮಾನ ಬರಲ್ಲ.

ಯಾರೂ ಕರೆಯದೆ ರಕ್ತಪಿಶಾಚಿ ಮನೆಯೊಳಗೆ ಕಾಲಿಡುವಂತಿಲ್ಲ ಅನ್ನೋ ನಿಯಮ ಮಾತ್ರ ಬಿಡಬೇಡಿ. ಮಲೆನಾಡಿನವರು ಯಾರು ಬಂದರೂ 'ಬನ್ನಿ, ಕಾಫಿ ಕುಡೀರಿ' ಅಂತ ಕರೀತಾರೆ, ಸರಿ. ಆದರೆ ಒಂಟಿ ಮನೆಯಲ್ಲಿ ಯಜಮಾನನೇ ಕೊಲೆಯಾಗಿದ್ದರೆ ಕರೆಯೋರು ಯಾರು? ಜೊತೆಗಾರ ಮೊದಲು ಒಳಗೆ ಹೋಗಿ 'ಬನ್ನಿ ಸಾರ್' ಅನ್ನಬೇಕು. ಇಷ್ಟ ಇಲ್ಲದಿದ್ದರೂ ಪತ್ತೇದಾರ ಅವನನ್ನು ಕಟ್ಟಿಕೊಂಡು ತಿರುಗೋದಕ್ಕೆ ಇದಕ್ಕಿಂತ ಒಳ್ಳೆ ಕಾರಣ ಸಿಗಲ್ಲ.

ಗುಟ್ಟು ಬಿಟ್ಟುಕೊಡೋದು ಉಂಬಳ, ಅಂದರೆ ಕಾಡಿನ ಜಿಗಣೆ. ಅದು ಮೈಯ ಬಿಸಿ, ಉಸಿರು, ಹೆಜ್ಜೆಯ ಅದುರು ಹಿಡಿದು ಬರುತ್ತೆ. ಪತ್ತೇದಾರನಿಗೆ ಬಿಸಿಯೂ ಇಲ್ಲ, ಉಸಿರೂ ಇಲ್ಲ. ಅಡಿಕೆ ತೋಟ ಸುತ್ತಿ ಬಂದು ಜೊತೆಗಾರ ಜಗಲಿಯಲ್ಲಿ ಕೂತು, ಉಪ್ಪು ಹಾಕಿ ಕಾಲಿಂದ ಒಂದೊಂದೇ ಉಂಬಳ ಬಿಡಿಸುತ್ತಿದ್ದಾನೆ. ಬೆರಳ ಸಂದಿಯಲ್ಲಿ ಇನ್ನೂ ರಕ್ತ ಇಳೀತಿದೆ.

'ನಿಮಗೆ ಒಂದೂ ಹತ್ತಿಲ್ವಾ ಸಾರ್?'

'ನನ್ನ ರಕ್ತ ಕಹಿ ಮಾರಾಯ' ಅಂದ ಇವನು ಆ ಕಾಲಿನಿಂದ ಕಣ್ಣು ಕಿತ್ತು, ಸುಮ್ನೆ ಅಂಗಳದ ಮಳೆ ನೋಡುತ್ತಾನೆ.