ಮೌಲ್ಡಿಗೆ ಎಷ್ಟು ಕಾಂಕ್ರೀಟ್ ಹೇಳ್ಬೇಕು? ಓದುಗರ ಪ್ರಶ್ನೆ, ಎಂಜಿನಿಯರ್ ಉತ್ತರ

ಪ್ರಶ್ನೆ: ಸಾರ್, ನಮ್ಮನೆ ಫಸ್ಟ್ ಮೌಲ್ಡ್ ಹಾಕ್ಬೇಕು. ಸ್ಲ್ಯಾಬ್ 30 ಅಡಿಗೆ 40 ಅಡಿ, ದಪ್ಪ 5 ಇಂಚು. ಬೀಮ್ 9 ಇಂಚು ಅಗಲ 15 ಇಂಚು ಆಳ, ಎಲ್ಲಾ ಸೇರಿ 160 ಅಡಿ ಉದ್ದ ಇದೆ. ಮೇಸ್ತ್ರಿ 18 ಕ್ಯೂಬಿಕ್ ಮೀಟರ್ ರೆಡಿಮಿಕ್ಸ್ (ಪ್ಲಾಂಟಲ್ಲೇ ಕಲಸಿ ಗಾಡೀಲಿ ಬರೋ ಕಾಂಕ್ರೀಟ್) ಹೇಳಿ ಅಂತಾರೆ, ನಾನು ಲೆಕ್ಕ ಹಾಕಿದ್ರೆ 14 ಚಿಲ್ಲರೆ ಬರ್ತಿದೆ. ಟೋಪಿ ಹಾಕ್ತಿದಾರಾ?

ಉತ್ತರ: ಇಲ್ಲ, ಪಾಪ, ಮೇಸ್ತ್ರಿ ಸರಿಯಾಗೇ ಹೇಳಿದಾರೆ. ನಿಮ್ಮ ಗುಣಾಕಾರಾನೂ ಸರಿ ಇದೆ, ಆದ್ರೆ ನೀವು ಬರೀ ಸ್ಲ್ಯಾಬ್ ಮಾತ್ರ ಹಿಡಿದಿದೀರಿ. 1200 ಚದರಡಿ, 5 ಇಂಚನ್ನ ಅಡಿಗೆ ತಂದ್ರೆ 500 ಸಿಎಫ್‌ಟಿ (ಘನ ಅಡಿ), ಒಂದು ಕ್ಯೂಬಿಕ್ ಮೀಟರಿಗೆ 35.3 ಸಿಎಫ್‌ಟಿ ಅಲ್ವಾ, ಹಾಗಾಗಿ 14.2. ಬೀಮ್ ಎಲ್ಲಿ ಹೋಯ್ತು? ಇಲ್ಲೊಂದು ಸೂಕ್ಷ್ಮ ಇದೆ, ಡ್ರಾಯಿಂಗಲ್ಲಿ ಬರೆದಿರೋ 15 ಇಂಚು ಸ್ಲ್ಯಾಬಿನ ಮೇಲ್ಮೈಯಿಂದ ಲೆಕ್ಕ, ಅದರಲ್ಲಿ 5 ಇಂಚು ಆಗ್ಲೇ ಸ್ಲ್ಯಾಬ್ ಲೆಕ್ಕದಲ್ಲಿ ಬಂದಾಗಿದೆ, ಕೆಳಗೆ ಇಳಿಯೋ 10 ಇಂಚು ಮಾತ್ರ ಸೇರಿಸ್ಬೇಕು. 9 ಇಂಚಿಗೆ 10 ಇಂಚು ಅಂದ್ರೆ ಅಡಿ ಉದ್ದಕ್ಕೆ 0.625 ಸಿಎಫ್‌ಟಿ, 160 ಅಡಿಗೆ 100. ಒಟ್ಟು 600 ಸಿಎಫ್‌ಟಿ, ಅಂದ್ರೆ 17 ಕ್ಯೂಬಿಕ್ ಮೀಟರ್. ವೇಸ್ಟೇಜ್ ಅಂತ 5 ಪರ್ಸೆಂಟ್ ಹಾಕಿದ್ರೆ ಹತ್ತಿರ ಹತ್ತಿರ 18 ಆಯ್ತು. ಮೆಟ್ಟಿಲಿನ ಓಪನಿಂಗ್ ಕಳೀರಿ, ಸಜ್ಜಾ ಇದ್ರೆ ಕೂಡಿಸಿ. ಕಬ್ಬಿಣ, ಕರೆಂಟ್ ಪೈಪು ಇವನ್ನೆಲ್ಲ ಕಳೆಯೋಕೆ ಹೋಗ್ಬೇಡಿ, ಮನೆ ಸ್ಲ್ಯಾಬಲ್ಲಿ ಕಬ್ಬಿಣ ತಿನ್ನೋ ಜಾಗ ಸುಮಾರು ಒಂದು ಪರ್ಸೆಂಟ್ ಅಷ್ಟೆ.

ಆದ್ರೆ ನಿಜವಾಗಿ ಕಾಂಕ್ರೀಟ್ ಕಮ್ಮಿ ಬೀಳೋದು ಈ ಲೆಕ್ಕ ತಪ್ಪಿ ಅಲ್ಲ ಸ್ವಾಮಿ, ದಪ್ಪ ತಪ್ಪಿ. ನಿಮ್ಮ ಸ್ಲ್ಯಾಬ್ 5 ಇಂಚಿನ ಬದಲು ಐದೂವರೆ ಆದ್ರೆ, ಬರೀ ಅರ್ಧ ಇಂಚು ನೋಡಿ, 50 ಸಿಎಫ್‌ಟಿ ಜಾಸ್ತಿ, ಅಂದ್ರೆ 1.4 ಕ್ಯೂಬಿಕ್ ಮೀಟರ್. ನೀವು ಇಟ್ಟ 5 ಪರ್ಸೆಂಟೂ ಹೋಯ್ತು, ಮೇಲಿಂದ ಅರ್ಧ ಕ್ಯೂಬಿಕ್ ಮೀಟರ್ ಸಾಲ ಬೇರೆ. ಅದಕ್ಕೇ ಸೆಂಟ್ರಿಂಗ್ ಮುಗಿದ್ಮೇಲೆ ಈ ಕಡೆ ಸೈಡ್ ಹಲಗೆ ತಲೆಯಿಂದ ಆ ಕಡೆ ಹಲಗೆ ತಲೆಗೆ ದಾರ ಬಿಗಿಯಾಗಿ ಎಳೆಸಿ, ಪ್ರತಿ ರೂಮಿನ ನಡುವೆ ದಾರದಿಂದ ಶೀಟಿನ ತನಕ ಟೇಪ್ ಇಳಿಸಿ ನೋಡಿ. ಮೂಲೇಲಿ 5, ನಡುವೆ ಐದೂಮುಕ್ಕಾಲು ಬಂತು ಅಂದ್ರೆ ಅಲ್ಲಿ ಕೆಳಗಿನ ಜಾಕ್ ಕುಸಿದಿದೆ ಅಥವಾ ಲೆವೆಲ್ ತಪ್ಪಿದೆ, ಕಬ್ಬಿಣ ಕಟ್ಟೋಕೆ ಮುಂಚೆನೇ ಎತ್ತಿಸಿಬಿಡಿ. ನನ್ನ ಕೇಳಿದ್ರೆ ಡ್ರಾಯಿಂಗ್ ನೋಡಿ ಆರ್ಡರ್ ಕೊಡ್ಲೇಬಾರ್ದು, ಸೆಂಟ್ರಿಂಗ್ ಮೇಲೆ ನಿಂತು ಅಳೆದು ಕೊಡ್ಬೇಕು.

ಪಂಪ್ ಇಟ್ಟು ಹಾಕಿಸ್ತೀರಾದ್ರೆ ಇನ್ನೊಂದು ವಿಷಯ. 5 ಇಂಚಿನ ಪೈಪು 40 ಮೀಟರ್ ಉದ್ದ ಎಳೆದ್ರೆ ಅದರೊಳಗೇ ಅರ್ಧ ಕ್ಯೂಬಿಕ್ ಮೀಟರ್ ಕೂತಿರತ್ತೆ, ಕೊನೇಲಿ ಅದು ಸ್ಲ್ಯಾಬಿಗೆ ಬರತ್ತಾ ಇಲ್ಲಾ ಚೆಲ್ತಾರಾ ಅಂತ ಮೊದ್ಲೇ ಕೇಳಿಟ್ಕೊಳಿ. 18ಕ್ಕೂ ಒಂದೇ ಸಲ ಹೂಂ ಅನ್ಬೇಡಿ. 6 ಕ್ಯೂಬಿಕ್ ಮೀಟರಿನ ಎರಡು ಗಾಡಿ ಬರ್ಲಿ, ಎರಡನೇದು ಸುರೀತಿರುವಾಗ್ಲೇ ಉಳಿದ ಜಾಗ ಅಳೆದು ಮೂರನೇ ಗಾಡಿಗೆ ಇಷ್ಟು ಅಂತ ಹೇಳಿ, ಹೀಗೆ ಮಾಡ್ತೀವಿ ಅಂತ ಪ್ಲಾಂಟಿನವರಿಗೆ ಹಿಂದಿನ ದಿನಾನೇ ತಿಳಿಸಿರಿ. ಅರ್ಧ ಕ್ಯೂಬಿಕ್ ಮೀಟರ್ ಉಳಿದ್ರೆ ಅಂಗಳಕ್ಕೋ ಬಾತ್‌ರೂಮ್ ಬೆಡ್ಡಿಗೋ ಹಾಕ್ಕೋಬಹುದು, ಕಮ್ಮಿ ಬಿದ್ರೆ ಮಾತ್ರ ಇನ್ನೊಂದು ಗಾಡಿ ಬರೋಷ್ಟರಲ್ಲಿ ಹಾಕಿದ್ದು ಗಟ್ಟಿಯಾಗಿ ಜಾಯಿಂಟ್ ಬಿದ್ದು ಮಳೆಗಾಲಕ್ಕೆ ಅಲ್ಲೇ ಸೋರೋಕೆ ಶುರುವಾಗ್ಬಹುದು.

ಪ್ರಶ್ನೆ: ನಾವು ಸೈಟಲ್ಲೇ ಮಿಲ್ಲರ್ (ಕಾಂಕ್ರೀಟ್ ಕಲಸೋ ಮಿಷಿನ್) ಇಟ್ಟು ಕಲಸ್ತೀವಿ, ಸಿಮೆಂಟ್, ಮರಳು, ಜಲ್ಲಿ 1:1.5:3. ಒಂದು ಕ್ಯೂಬಿಕ್ ಮೀಟರಿಗೆ ಎಷ್ಟು ಮೂಟೆ ಸಿಮೆಂಟು? ಎಲ್ಲಾ ಕಡೆ 1.54 ಅಂತ ಗುಣಿಸ್ತಾರಲ್ಲ, ಅದೇನು?

ಉತ್ತರ: 50 ಕೆಜಿ ಮೂಟೆ 8 ಬೇಕು, ಮರಳು ಸುಮಾರು 15 ಸಿಎಫ್‌ಟಿ, ಜಲ್ಲಿ 30. ಕೂಡಿಸಿ ನೋಡಿದ್ರೆ 35ಕ್ಕಿಂತ ತುಂಬಾ ಜಾಸ್ತಿ ಆಯ್ತಲ್ಲ ಅಂತ ಅನ್ಸತ್ತೆ. ಜಲ್ಲಿ ಸಂದಿಗೆ ಮರಳು ಇಳಿಯತ್ತೆ, ಮರಳಿನ ಸಂದಿಗೆ ಸಿಮೆಂಟ್ ಇಳಿಯತ್ತೆ, ಕಲಸಿದ್ಮೇಲೆ ರಾಶಿ ಕುಗ್ಗತ್ತೆ, ಆ ಕುಗ್ಗೋದಕ್ಕೇ 1.54, ಅಂದ್ರೆ ಒಂದು ಕ್ಯೂಬಿಕ್ ಮೀಟರ್ ಕಾಂಕ್ರೀಟಿಗೆ ಒಣ ಸಾಮಾನು 1.54 ಕ್ಯೂಬಿಕ್ ಮೀಟರ್ ಬೇಕು. ಸುಲಭವಾಗಿ ನೆನಪಿಡೋದಾದ್ರೆ ಒಂದು ಮೂಟೆಗೆ 4.4 ಸಿಎಫ್‌ಟಿ ಕಾಂಕ್ರೀಟ್, ಮೇಲಿನವರ 600 ಸಿಎಫ್‌ಟಿಗೆ 137 ಮೂಟೆ ಹತ್ತಿರ. ಒದ್ದೆ ಮರಳಿದ್ರೆ ಹುಷಾರು, ಸಣ್ಣಗೆ ತೇವ ಆದ ಮರಳು ಉಬ್ಬಿ 25-30 ಪರ್ಸೆಂಟ್ ತನಕ ಜಾಸ್ತಿ ಜಾಗ ಹಿಡಿಯತ್ತೆ, ಅಳತೆ ಬಾಕ್ಸ್ ತುಂಬಿದಂಗೆ ಕಾಣತ್ತೆ ಒಳಗೆ ಮರಳು ಕಮ್ಮಿ ಇರತ್ತೆ.

ಪ್ರಶ್ನೆ: ಫುಟಿಂಗಿಗೆ (ಪಿಲ್ಲರ್ ಕೆಳಗಿನ ಪಾಯಕ್ಕೆ) ಲೆಕ್ಕ ಹಾಕಿದ್ದಕ್ಕಿಂತ ಕಾಲು ಭಾಗ ಜಾಸ್ತಿ ಹೋಯ್ತು. ಯಾಕೆ?

ಉತ್ತರ: ಸೈಡಿಗೆ ಹಲಗೆ ಕಟ್ಟದೆ ಗುಂಡಿಗೇ ಸುರಿದಿರ್ತಾರೆ. 4 ಅಡಿಗೆ 4 ಅಡಿ, 1 ಅಡಿ ದಪ್ಪ ಅಂದ್ರೆ 16 ಸಿಎಫ್‌ಟಿ. ಗುಂಡಿ ನಾಲ್ಕೂ ಕಡೆ ಬರೀ 3 ಇಂಚು ಅಗಲ ತೋಡಿದ್ರೆ ನಾಲ್ಕೂವರೆಗೆ ನಾಲ್ಕೂವರೆ ಆಗಿ 20 ದಾಟತ್ತೆ. ಅಲ್ಲೇ ಹೋಯ್ತು ನಿಮ್ಮ ಕಾಲು ಭಾಗ.

ಪ್ರಶ್ನೆ: ಇಷ್ಟೆಲ್ಲ ಲೆಕ್ಕ ಬೇಡ, ಚದರಡಿಗೆ ಇಷ್ಟು ಅಂತ ಒಂದು ನಂಬರ್ ಹೇಳಿಬಿಡಿ ಸಾರ್.

ಉತ್ತರ: 5 ಇಂಚಿನ ಸ್ಲ್ಯಾಬಿಗೆ 100 ಚದರಡಿಗೆ 1.2 ಕ್ಯೂಬಿಕ್ ಮೀಟರ್, ಬೀಮ್ ಬಿಟ್ಟು. ಬೀಮ್ ಒಂದೊಂದು ಮನೇಲಿ ಒಂದೊಂದು ಥರ, ಅದನ್ನ ಅಳೀಲೇಬೇಕು.