ಗ್ಯಾಟ್ ಹೋಗಿ ಡಬ್ಲ್ಯುಟಿಒ ಬಂದದ್ದರಿಂದ ಶಿರಸಿಯ ಕಾಳುಮೆಣಸಿಗೆ ಏನಾಯಿತು?

1947ರಲ್ಲಿ 23 ದೇಶಗಳು ಸಹಿ ಹಾಕಿದ ಗ್ಯಾಟ್ ಮುಖ್ಯವಾಗಿ ಸರಕಿನ ಸುಂಕ ಇಳಿಸುವ ಒಪ್ಪಂದ. ಆ 23ರಲ್ಲಿ ಭಾರತವೂ ಇತ್ತು. ಆದರೆ ಕೃಷಿಗೆ ಅದು ಹಿಡಿದ ಲಗಾಮು ಬಹಳ ಸಡಿಲ. ನಿಜವಾದ ತಿರುವು ಉರುಗ್ವೆ ಸುತ್ತು ಎಂಬ ವ್ಯಾಪಾರ ಮಾತುಕತೆಯದು (1986–94). ಅದರ ಫಲವಾಗಿ 1995ರ ಜನವರಿ 1ರಂದು ಡಬ್ಲ್ಯುಟಿಒ, ಅಂದರೆ ವಿಶ್ವ ವ್ಯಾಪಾರ ಸಂಸ್ಥೆ, ಹುಟ್ಟಿತು. ಕೃಷಿ, ಸೇವೆ, ಬೌದ್ಧಿಕ ಆಸ್ತಿ ಮೂರೂ ನಿಯಮದೊಳಗೆ ಬಂದವು. 2019ರಲ್ಲಿ ಶಿರಸಿ ಸುಪಾರಿಗೆ ಸಿಕ್ಕ ಜಿಐ ಟ್ಯಾಗ್‌ನ (ಊರಿನ ಹೆಸರಿಗೆ ಕಾನೂನು ರಕ್ಷಣೆ ಕೊಡುವ ಭೌಗೋಳಿಕ ಗುರುತಿನ) ಬೇರು ಇರುವುದೂ ಆ ಬೌದ್ಧಿಕ ಆಸ್ತಿ ಒಪ್ಪಂದದಲ್ಲೇ.

ಮೆಣಸಿನ ಬೆಲೆ ಬಿದ್ದಾಗ ಎಲ್ಲರೂ ಡಬ್ಲ್ಯುಟಿಒ ಕಡೆ ಬೆರಳು ತೋರಿಸುತ್ತಾರೆ. ಇದು ಅರ್ಧ ಸತ್ಯ. ಆ ನಿಯಮದಡಿ ಭಾರತ ಮೆಣಸಿನ ಆಮದಿಗೆ ಸಾಮಾನ್ಯವಾಗಿ 70% ಸುಂಕ ಹಾಕಿಕೊಂಡೇ ಬಂದಿದೆ. ಸೋರಿಕೆ ಇರುವುದು ಪಕ್ಕದ ಬಾಗಿಲಲ್ಲಿ: ಅದೇ ಡಬ್ಲ್ಯುಟಿಒ ನಿಯಮಗಳು ಕೆಲವೇ ದೇಶಗಳು ತಮ್ಮತಮ್ಮಲ್ಲಿ ಮುಕ್ತ ವ್ಯಾಪಾರ ಒಪ್ಪಂದ ಮಾಡಿಕೊಳ್ಳಲು ಬಿಡುತ್ತವೆ. 2000ದಲ್ಲಿ ಜಾರಿಯಾದ ಶ್ರೀಲಂಕಾ ಒಪ್ಪಂದದಡಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. ವಿಯೆಟ್ನಾಂ ಮೆಣಸು ಕೊಲಂಬೊದಲ್ಲಿ ಚೀಲ ಬದಲಿಸಿ, ಶ್ರೀಲಂಕಾದಲ್ಲೇ ಬೆಳೆದದ್ದು ಎನ್ನುವ ಮೂಲಪ್ರಮಾಣಪತ್ರ ಹಿಡಿದು ಬರುತ್ತಿದೆ ಎಂಬ ಬೆಳೆಗಾರರ ದೂರು ಇದೇ ಬಾಗಿಲಿನದು. 2017ರ ಡಿಸೆಂಬರಿನಲ್ಲಿ ಕೇಂದ್ರ ಕಿಲೋಗೆ ₹500 ಕನಿಷ್ಠ ಆಮದು ಬೆಲೆ (ಅದಕ್ಕಿಂತ ಅಗ್ಗದ ಮೆಣಸು ತರಿಸುವಂತಿಲ್ಲ ಎಂಬ ಮಿತಿ) ನಿಗದಿ ಮಾಡಿದ್ದು ಅದಕ್ಕೇ. ಹಾಗಾಗಿ ಮನವಿ ಬರೆಯುವ ಸೊಸೈಟಿಗಳು ಡಬ್ಲ್ಯುಟಿಒ ಕಚೇರಿ ಇರುವ ಜಿನೀವಾವನ್ನು ಬಿಟ್ಟು, ಮೂಲಪ್ರಮಾಣಪತ್ರದ ಬಿಗಿ ತಪಾಸಣೆಯನ್ನೇ ಮೊದಲು ಕೇಳಬೇಕು.