ಕಾಲಿಗೆ ಎರಡು, ಕೈಗೆ ಮೂರು

ಪ್ರಶ್ನೆ: ಆಫ್ರಿಕನ್ ಡ್ರಮ್ಮಿಂಗ್ ಕೇಳಿದ್ರೆ ತಾಳ ಎಲ್ಲಿ ಶುರುವಾಯ್ತು ಅಂತಾನೇ ಗೊತ್ತಾಗಲ್ಲ, ಒಂದೇ ಸಲ ಎರಡೆರಡು ಲಯ ಹೇಗೆ ಹಿಡೀತಾರೆ ಸರ್?

ಉತ್ತರ: ಘಾನಾದ ಎವೆ ಜನರ ಸಂಗೀತಾನೇ ತಗೊಳ್ಳಿ, ಅಲ್ಲಿ ಗಾಂಕೋಗುಯಿ ಅನ್ನೋ ಜೋಡಿ ಗಂಟೆ 12 ಮಾತ್ರೆ ಸುತ್ತಲ್ಲಿ 7 ಪೆಟ್ಟು ಹಾಕ್ತಾ ನಿಲ್ಲದೆ ನಡೀತಿರತ್ತೆ, ಎಲ್ಲರ ಕಿವಿ ಅದರ ಮೇಲೆ, ಅದೇ 12ನ್ನ ಕಾಲು 4 ಹೆಜ್ಜೆಯಾಗಿ ಹಂಚ್ಕೊಂಡ್ರೆ ಚಪ್ಪಾಳೆ 6 ಮಾಡ್ಕೋಬಹುದು, ಅಂದ್ರೆ 2ಕ್ಕೆ 3. ಕೇಳೋಕೆ ಎಷ್ಟು ಚೆಂದ ಗೊತ್ತಾ! ದಕ್ಷಿಣ ಆಫ್ರಿಕಾದ ಚಿನ್ನದ ಗಣಿ ಕಾರ್ಮಿಕರಂತೂ ರಬ್ಬರ್ ಬೂಟು ತಟ್ಟಿಕೊಂಡೇ ಗಮ್‌ಬೂಟ್ ಕುಣಿತ ಕಟ್ಟಿದ್ರು, ಡ್ರಮ್ಮೇ ಬೇಕಿಲ್ಲ. ನೀವೂ ಟ್ರೈ ಮಾಡಿ: 1ರಿಂದ 6 ಎಣಿಸ್ತಾ 1, 4ಕ್ಕೆ ಕಾಲು ತಟ್ಟಿ, 1, 3, 5ಕ್ಕೆ ಚಪ್ಪಾಳೆ, ಮೊದಲು ನಿಧಾನಕ್ಕೆ.